ಕನ್ನಡದಲ್ಲಿ ಕೇಳದ ಕೀಲಿ

ಹಾಲಸ್ವಾಮಿಗೆ ಕನ್ನಡಕ ಬಂದದ್ದೇ ಎಲ್ಲದಕ್ಕೂ ಮೂಲ. ಅದೊಂದು ಬರದೇ ಇದ್ದಿದ್ದರೆ ಆ ಭಾನುವಾರವೂ ಉಳಿದ ಭಾನುವಾರಗಳ ಹಾಗೆ ಸಣ್ಣಪುಟ್ಟ ಹೆದರಿಕೆಗಳಲ್ಲೇ ಕಳೆದುಹೋಗುತ್ತಿತ್ತು.

ಹೆದರಿಕೆ ಅವನ ಹುಟ್ಟುಗುಣ. ಎಟಿಎಂ ತನ್ನ ಕಾರ್ಡನ್ನು ನುಂಗೀತೆಂದು ಹೆದರುತ್ತಿದ್ದ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಬೀಗದ ಕೈ ಕೊಟ್ಟುಹೋದರೆ ಅವರು ವಾಪಸು ಬರುವ ತನಕ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತಿದ್ದರೂ ಚೆಕಿಂಗಿನವರು ಹತ್ತಿದ ಕೂಡಲೇ ಅವನ ಮುಖ ಟಿಕೆಟ್ ಇಲ್ಲದವನ ಮುಖವಾಗುತ್ತಿತ್ತು. ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಕಳ್ಳ ಕೆಲಸ ಮಾಡಿದ್ದ. ಅದನ್ನು ಒಂದು ವರ್ಷದಿಂದ ನಡೆಸಿಕೊಂಡೂ ಬಂದಿದ್ದ. ಅಂಜುಬುರುಕರು ಕಳ್ಳತನಕ್ಕೆ ಇಳಿಯಲೇಬಾರದು ಎಂಬುದು ನನ್ನ ಅಭಿಪ್ರಾಯ. ಕದ್ದದ್ದರ ಸುಖ ಅವರಿಗೆ ದಕ್ಕುವುದಿಲ್ಲ, ನಡುಕವೊಂದೇ ದಕ್ಕುತ್ತದೆ.

ಶಿವಮೊಗ್ಗದ ಗೋಪಾಳದಲ್ಲಿ ಸುಭದ್ರಮ್ಮನವರದೊಂದು ವಧೂವರರ ಕೇಂದ್ರವಿದೆ. ಹಿಂದೂಗಳ ಸಂಬಂಧಗಳನ್ನು ಸುಭದ್ರಮ್ಮನವರೇ ನೋಡುತ್ತಾರೆ, ಮುಸ್ಲಿಮರ ಸಂಬಂಧಗಳನ್ನು ವಜೀರಾ ಎಂಬ ಚುರುಕಿನ ಹೆಂಗಸು ನೋಡುತ್ತಾಳೆ. ಬಂದವರ ವಿವರ ಟೈಪು ಮಾಡುವುದು, ಫೋಟೊ ಏರಿಸುವುದು, ಕೇಳಿದವರಿಗೆ ತೋರಿಸುವುದು ಹಾಲಸ್ವಾಮಿಯ ಪಾಲಿಗೆ. ಮೂವತ್ತೈದಾದರೂ ಅವನಿಗೇ ಮದುವೆಯಾಗಿರಲಿಲ್ಲ. “ಅಡುಗೆಭಟ್ಟ ಉಪವಾಸ ಇದ್ದ ಹಾಗೆ ಇದಾನೆ ನೋಡಿ ನಮ್ಮ ಹಾಲಸ್ವಾಮಿ” ಎಂದು ಸುಭದ್ರಮ್ಮ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಹಾಲಸ್ವಾಮಿಯೂ ನಗುತ್ತಿದ್ದ, ನಗದಿದ್ದರೆ ಬೈದಾರು ಎಂಬ ಹೆದರಿಕೆಯಿಂದ.

ವರ್ಷದ ಹಿಂದೆ ಭದ್ರಾವತಿಯ ಕಾಗದನಗರದಿಂದ ಪರಮೇಶ್ವರಪ್ಪ ಎಂಬ ನಿವೃತ್ತ ಫೋರ್‌ಮನ್ ಬಂದು ಮಗಳು ತನುಜಾಳ ಹೆಸರು ಬರೆಸಿದರು. ಮಿಲ್ಲಿನ ಯಂತ್ರದ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸವಾಗಿದ್ದ ಗಂಟಲು. ಅವರು ನಮಸ್ಕಾರ ಎಂದರೂ ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು. ಅವರು ಹೋದ ಮೇಲೆ ಹಾಲಸ್ವಾಮಿ ಫೋಟೊ ಏರಿಸಲು ಕೂತ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಹುಡುಗಿ, ಕ್ಯಾಮೆರಾದವನನ್ನೇ ಏನೋ ಪ್ರಶ್ನೆ ಕೇಳುತ್ತಿರುವ ಹಾಗೆ ನೋಡುತ್ತಿದ್ದಳು. ಹಾಲಸ್ವಾಮಿ ಬಹಳ ಹೊತ್ತು ನೋಡಿದ. ಆಮೇಲೆ ಆ ಪುಟವನ್ನು ಉಳಿದ ಹೆಣ್ಣುಗಳ ಜೊತೆ ಸೇರಿಸದೆ ಬೇರೆ ಕಡೆ ಬಚ್ಚಿಟ್ಟ. ಅಂದಿನಿಂದ ಒಬ್ಬ ಗಂಡಿನ ಕಡೆಯವರಿಗೂ ತನುಜಾ ಕಂಡಿರಲಿಲ್ಲ.

ಬಚ್ಚಿಡಲು ಅನುಕೂಲ ಮಾಡಿಕೊಟ್ಟವನು ವಜೀರಾಳ ತಮ್ಮ ರಿಜ್ವಾನ್. ಕಂಪ್ಯೂಟರ್ ರಿಪೇರಿಯ ಹುಡುಗ. ಕೇಂದ್ರದ ಹಳೇ ಲ್ಯಾಪ್‌ಟಾಪು ಏಳಲಾರದೆ ಮಲಗಿದಾಗ ಅವನು ಅದಕ್ಕೆ ಲಿನಕ್ಸ್ ಹಾಕಿ, ಪರದೆ ನೋಡಿಕೊಳ್ಳಲು ಮೇಲೊಂದು ಪುಟ್ಟ ವಿಂಡೋ ಮ್ಯಾನೇಜರ್ ಕೂರಿಸಿ ಎಬ್ಬಿಸಿದ್ದ. ಅದರಲ್ಲಿ ಮೌಸಿನಿಂದ ಒತ್ತಲು ಒಂದು ಗುಂಡಿಯೂ ಇರಲಿಲ್ಲ. ಪರದೆಯ ಹಿಂದೆ ಕೋಣೆಗಳಿದ್ದವು, ಒಂದೊಂದು ಕೋಣೆಗೆ ಒಂದೊಂದು ಅಕ್ಷರ. ವಿಂಡೋಸ್ ಕೀ ಹಿಡಿದುಕೊಂಡು ‘ಎ’ ಒತ್ತಿದರೆ ಕೇಂದ್ರದ ಮುಖಪುಟ, ‘ಎಸ್’ ಒತ್ತಿದರೆ ಹೆಣ್ಣುಗಳು, ‘ಡಿ’ ಒತ್ತಿದರೆ ಗಂಡುಗಳು. ಹಾಲಸ್ವಾಮಿ ತನಗೆಂದು ‘ಟಿ’ ಎಂಬ ಇನ್ನೊಂದು ಕೋಣೆ ಕೇಳಿ ಮಾಡಿಸಿಕೊಂಡಿದ್ದ. ಬೆಳಿಗ್ಗೆ ಯಾರೂ ಬರುವ ಮುಂಚೆ ಟಿ ಒತ್ತುವುದು, ತನುಜಾಳನ್ನು ನೋಡುವುದು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾದ ಕೂಡಲೇ ಎ ಒತ್ತುವುದು. ಇಷ್ಟೇ ಅವನ ಪ್ರೇಮ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಅವನು ಆ ಪುಟದ ಕೊನೆಯಲ್ಲಿದ್ದ ‘ವರನ ಬಗ್ಗೆ ನಿರೀಕ್ಷೆ’ ಎಂಬ ಜಾಗಕ್ಕೆ ಕೈ ಹಾಕಿದ. ಪರಮೇಶ್ವರಪ್ಪ ಬರೆಸಿದ್ದು, ‘ಇಂಜಿನಿಯರ್, ಆರಡಿ ಎತ್ತರ, ಸ್ವಂತ ಮನೆ, ಗಟ್ಟಿ ಧೈರ್ಯ.’ ಹಾಲಸ್ವಾಮಿಗೆ ಇದರಲ್ಲಿ ಒಂದೂ ಇರಲಿಲ್ಲ. ಮೊದಲು ಇಂಜಿನಿಯರ್ ತೆಗೆದು ‘ಕಂಪ್ಯೂಟರ್ ಗೊತ್ತಿದ್ದರೆ ಸಾಕು’ ಎಂದು ಹಾಕಿದ. ಸ್ವಲ್ಪ ದಿನ ಬಿಟ್ಟು ಆರಡಿಯನ್ನು ‘ಸಾಧಾರಣ ಎತ್ತರ’ ಮಾಡಿದ. ಸ್ವಂತ ಮನೆ ಹೋಗಿ ‘ಗೋಪಾಳದಲ್ಲಿ ಬಾಡಿಗೆ ಮನೆಯಾದರೂ ಸರಿ’ ಬಂತು. ಧೈರ್ಯ ಇದ್ದ ಜಾಗಕ್ಕೆ ‘ಸಾಧು ಸ್ವಭಾವ’ ಬಂತು. ಮುಂದಲೆ ಬೋಳಾಗತೊಡಗಿದ ಮೇಲೆ ಅದಕ್ಕೂ ಒಂದು ಸಾಲು ಸೇರಿತು. ಹೀಗೆ ತನುಜಾ ಅಲ್ಲೇ ಇದ್ದಳು, ವರ ಮಾತ್ರ ಆರಡಿಯಿಂದ ಇಳಿದು ಇಳಿದು ಹಾಲಸ್ವಾಮಿಯ ಅಳತೆಗೆ ಬಂದು ನಿಂತಿದ್ದ.

ಆ ವಾರ ಕನ್ನಡಕ ಬಂತಲ್ಲ, ಅದಕ್ಕೂ ಒಂದು ಸಾಲು ಬೇಕಾಯಿತು. ಭಾನುವಾರ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದವನೇ ಟಿ ಕೋಣೆ ತೆರೆದು, ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ, ‘ಕನ್ನಡಕ ಇದ್ದರೂ ಅ’ ಎಂದು ಟೈಪಿಸಿದ್ದ. ‘ಡ್ಡಿಯಿಲ್ಲ’ ಇನ್ನೂ ಬೆರಳಲ್ಲೇ ಇತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಂದಲ್ಲ, ಮೂರು ಜೊತೆ ಚಪ್ಪಲಿಯ ಸದ್ದು ಕೇಳಿತು.

ಹಾಲಸ್ವಾಮಿ ವಿಂಡೋಸ್ ಕೀ ಹಿಡಿದು ಎ ಒತ್ತಿದ. ತನುಜಾ ಅಲ್ಲೇ ಇದ್ದಳು. ಮತ್ತೆ ಒತ್ತಿದ. ಕದಲಲಿಲ್ಲ. ವರ್ಷದಿಂದ ಒಂದು ದಿನವೂ ಮೋಸ ಮಾಡದ ಕೀಲಿ ಇವತ್ತು ಏಕೆ ಕೈಕೊಟ್ಟಿತೆಂದು ಯೋಚಿಸಲೂ ಅವನಿಗೆ ಭಯವಾಯಿತು. ಅಕ್ಕಪಕ್ಕದ ಗುಂಡಿಗಳನ್ನೆಲ್ಲ ಒತ್ತಿ ನೋಡಿದ.

ಬಾಗಿಲಲ್ಲಿ ಸುಭದ್ರಮ್ಮ ಕಾಣಿಸಿಕೊಂಡರು. ಅವರ ಹಿಂದೆ ಆಯನೂರಿನ ಮೂರ್ತಪ್ಪ, ಜೊತೆಗೆ ಅವರ ಮಗ ದುಶ್ಯಂತ್.

“ಕೂತ್ಕೊಳಿ ಮೂರ್ತಪ್ಪನೋರೆ. ಏ ಹಾಲಸ್ವಾಮಿ, ಟೀವಿ ಹಾಕು,” ಎಂದವರು ಅವನು ಹಾಕುವವರೆಗೂ ಕಾಯಲಿಲ್ಲ. ಸೋಫಾದಲ್ಲಿ ಕೂತವರಿಗೆ ಅನುಕೂಲವಾಗಲಿ ಎಂದು ಲ್ಯಾಪ್‌ಟಾಪಿಗೆ ಜೋಡಿಸಿ ಗೋಡೆಗೆ ದೊಡ್ಡ ಟೀವಿಯೊಂದನ್ನು ಅವರು ಹಾಕಿಸಿದ್ದರು. ರಿಮೋಟು ಸದಾ ಅವರ ಕೈಯಲ್ಲೇ ಇರುತ್ತಿತ್ತು. ಗುಂಡಿ ಒತ್ತಿದರು.

ಹಾಲಸ್ವಾಮಿ ಭಾಷೆ ಬದಲಿಸುವ ಕೀ ಒತ್ತಿದ. ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗಲಿಲ್ಲ, ವಜೀರಾ ಟೈಪು ಮಾಡುವ ಉರ್ದುವಿಗೆ ಹೋಯಿತು. ಎ ಒತ್ತಿದ, ಉರ್ದುವಿನಲ್ಲೂ ಅದು ಕೇಳಲಿಲ್ಲ. ಗಾಬರಿಯಲ್ಲಿ ಎರಡು ಸಲ ಒತ್ತಿಬಿಟ್ಟ, ಇಂಗ್ಲಿಷನ್ನು ದಾಟಿ ಪುನಃ ಕನ್ನಡಕ್ಕೇ ಬಂದು ನಿಂತಿತು. ಕೊನೆಗೆ ಟೀವಿ ಆರಿಸಲೆಂದು ಕೈ ಚಾಚಿ ಗೋಡೆಯ ಸ್ವಿಚ್ಚು ತಟ್ಟಿದ. ಫ್ಯಾನು ನಿಂತಿತು.

“ಯಾಕ್ ಮಾರಾಯ, ಈ ಸೆಕೇಲಿ ಫ್ಯಾನ್ ಆರಿಸ್ತೀಯ?” ಎಂದರು ಮೂರ್ತಪ್ಪ. ಮರುಕ್ಷಣವೇ ಅವರ ಕಣ್ಣು ಟೀವಿಯ ಕಡೆ ಹೋಯಿತು. ಗೋಡೆಯ ಮೇಲೆ ಆಳೆತ್ತರದ ತನುಜಾ ಮೂಡಿದ್ದಳು.

“ಅರೆ! ಈ ಹುಡುಗೀನ ನಮಗೆ ತೋರಿಸೇ ಇರಲಿಲ್ವಲ್ಲ ಅಮ್ಮ?”

ಸುಭದ್ರಮ್ಮ ಕಣ್ಣು ಕಿರಿದು ಮಾಡಿದರು. “ಇವಳು ಪರಮೇಶ್ವರಪ್ಪನೋರ ಮಗಳಲ್ವಾ? ನಮ್ಮಲ್ಲಿ ಇನ್ನೂ ಇದಾಳಾ? ನಾನು ಯಾವಾಗಲೋ ಮದುವೆ ಆಗೋಯ್ತು ಅಂದ್ಕೊಂಡಿದ್ದೆ. ಹಾಲಸ್ವಾಮಿ?”

“ಇದಾರೆ ಅಮ್ಮ. ಈಗ… ಈಗ ತಾನೇ ಸಿಕ್ಕಿದ್ರು.”

ಮೂರ್ತಪ್ಪ ಎದ್ದು ಟೀವಿಯ ಹತ್ತಿರ ಹೋಗಿ, ವರನ ಬಗ್ಗೆ ನಿರೀಕ್ಷೆಯನ್ನು ಗಟ್ಟಿಯಾಗಿ ಓದತೊಡಗಿದರು. “ಕಂಪ್ಯೂಟರ್ ಗೊತ್ತಿದ್ದರೆ ಸಾಕು. ಸಾಧಾರಣ ಎತ್ತರ. ಗೋಪಾಳದಲ್ಲಿ ಬಾಡಿಗೆ ಮನೆಯಾದರೂ ಸರಿ. ಸಾಧು ಸ್ವಭಾವ. ಮುಂದಲೆಯಲ್ಲಿ ಕೂದಲು ಕಡಿಮೆ ಇದ್ದರೂ ಬೇಸರವಿಲ್ಲ…”

ಹಾಲಸ್ವಾಮಿಯ ಕೈ ತಾನಾಗಿಯೇ ಮುಂದಲೆಗೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಗಾದೆ. ಇವನು ತಲೆ ಮುಟ್ಟಿಕೊಂಡ. ಇನ್ನೇನು ಸುಭದ್ರಮ್ಮ ತನ್ನ ಕಡೆ ತಿರುಗುತ್ತಾರೆ, ಕೆಲಸ ಹೋಗುತ್ತದೆ, ಪರಮೇಶ್ವರಪ್ಪನಿಗೆ ಫೋನ್ ಹೋಗುತ್ತದೆ, ಊರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಅವನು ಕಣ್ಣು ಮುಚ್ಚಿಕೊಂಡ.

“ದೇವರೇ ಅಪ್ಪಣೆ ಕೊಟ್ಟ ಹಾಗಿದೆ!” ಎಂದು ಮೂರ್ತಪ್ಪ ಕೂಗಿದರು. “ಸುಭದ್ರಮ್ಮ, ಇದು ನಮ್ಮ ದುಶ್ಯಂತನಿಗೇ ಬರೆದಂಗಿದೆಯಲ್ರೀ!”

ಹಾಲಸ್ವಾಮಿ ಕಣ್ಣು ತೆರೆದ. ಸೋಫಾದಲ್ಲಿ ದುಶ್ಯಂತ್ ಕೂತಿದ್ದ. ಸಾಧಾರಣ ಎತ್ತರ. ಸೊಸೈಟಿ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಗೋಪಾಳದಲ್ಲೇ ಬಾಡಿಗೆ ಮನೆ. ಬಂದಾಗಿನಿಂದ ಒಂದು ಮಾತೂ ಆಡದ ಸಾಧು. ಮುಂದಲೆ ಫ್ಯಾನಿಲ್ಲದ ಸೆಕೆಗೆ ಬೆವರಿ ಹೊಳೆಯುತ್ತಿತ್ತು.

“ಕನ್ನಡಕ ಇದ್ದರೂ ಅ… ಮುಂದೇನಿದೆ, ಕಾಣ್ತಾ ಇಲ್ವಲ್ಲ,” ಎಂದರು ಮೂರ್ತಪ್ಪ. ದುಶ್ಯಂತ್ ಮೂಗಿನ ಮೇಲಿದ್ದ ಕನ್ನಡಕ ಸರಿಪಡಿಸಿಕೊಂಡ.

ತನಗೆಂದು ವರ್ಷವಿಡೀ ಹೊಲಿದ ಅಂಗಿಯನ್ನು ಇನ್ನೊಬ್ಬ ಬಂದು ತೊಟ್ಟುಕೊಂಡು ನಿಂತರೆ ಹೇಗಿರುತ್ತದೆ? ಹಾಲಸ್ವಾಮಿಗೆ ಅಳು ಬಂತು. ಆದರೆ ಅಳಲೂ ಹೆದರಿಕೆ, ಯಾಕೆ ಅಳುತ್ತೀಯ ಎಂದು ಕೇಳಿದರೆ ಏನು ಹೇಳುವುದು?

“ಇದರ ಹಿಂದಿನ ಪುಟ ತೋರಿಸು, ಅವರ ಅಡ್ರೆಸ್ ನೋಡ್ಬೇಕು,” ಎಂದರು ಸುಭದ್ರಮ್ಮ.

“ಆಗ್ತಾ ಇಲ್ಲ ಅಮ್ಮ. ಕೀ ಕೆಲಸ ಮಾಡ್ತಾ ಇಲ್ಲ.” ಆ ದಿನ ಅವನಾಡಿದ ಮೊದಲ ಸತ್ಯ ಅದು. ಸುಭದ್ರಮ್ಮ ತಡಮಾಡದೆ ರಿಜ್ವಾನನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು.

“ಕನ್ನಡ ಆನ್ ಇರ್ಬೇಕು ನೋಡಿ ಅಮ್ಮ,” ಎಂದಿತು ರಿಜ್ವಾನನ ದನಿ. “ನಾನು ಎ ಅಂದ್ರೆ ಈ ಕೋಣೆ, ಎಸ್ ಅಂದ್ರೆ ಆ ಕೋಣೆ ಅಂತ ಅಕ್ಷರದ ಲೆಕ್ಕದಲ್ಲಿ ಬರೆದಿದೀನಿ. ಕನ್ನಡಕ್ಕೆ ಹಾಕಿದ್ರೆ ಅದೇ ಗುಂಡಿ ಒತ್ತಿದ್ರೂ ಒಳಗಡೆ ಕನ್ನಡದ ಅಕ್ಷರ ಹೋಗುತ್ತೆ. ಅದಕ್ಕೆ ಎ ಬಂದಿದ್ದೇ ಗೊತ್ತಾಗಲ್ಲ. ಉರ್ದುಗೆ ಹಾಕಿದ್ರೂ ಅಷ್ಟೇ. ಇಂಗ್ಲಿಷ್‌ಗೆ ತಗೊಂಡು ಒತ್ತಿ. ಈಗ ಯಾವ ಕೋಣೇಲಿ ಇದೀರಿ?”

“ಭದ್ರಾವತಿ ಹುಡುಗಿ ಫೋಟೊ ಬಂದಿದೆಯಪ್ಪ.”

“ಎಸ್ ಕೋಣೇಲಾ?”

“ಮೂಲೇಲಿ ಟಿ ಅಂತಿದೆ.”

“ಓ, ಅದು ಹಾಲಸ್ವಾಮಿ ಭಾಯ್ ತನಗೇ ಅಂತ ಹೇಳಿ ಮಾಡಿಸ್ಕೊಂಡಿರೋ ಕೋಣೆ. ಅದರಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ,” ಎಂದು ರಿಜ್ವಾನ್ ನಕ್ಕು ಫೋನಿಟ್ಟ.

ಹಾಲಸ್ವಾಮಿಗೆ ತನ್ನ ಎದೆಯ ಬಡಿತ ಟೀವಿಯಲ್ಲೂ ಕೇಳಿಸುತ್ತಿದೆಯೇನೋ ಅನಿಸಿತು.

“ಟಿ ಅಂದ್ರೆ ಏನೋ ಅದು?” ಸುಭದ್ರಮ್ಮ ಕೇಳಿದರು.

“ಟೆಂಪರರಿ, ಅಮ್ಮ.”

“ಒಂದು ವರ್ಷದಿಂದ?”

“ಸ್ವಲ್ಪ ಜಾಸ್ತಿ ಟೆಂಪರರಿ.”

ಸುಭದ್ರಮ್ಮ ಇನ್ನೇನೋ ಕೇಳುವವರಿದ್ದರು. ಮೂರ್ತಪ್ಪ ಅಡ್ಡ ಬಂದು ಹಾಲಸ್ವಾಮಿಯ ಜೀವ ಉಳಿಸಿದರು; ಉಳಿಸಿ ಬಾಣಲೆಯಿಂದ ಬೆಂಕಿಗೆ ಹಾಕಿದರು. “ಅಮ್ಮ, ಇವತ್ತು ದಿನ ಚೆನ್ನಾಗಿದೆ. ಹೊರಗೆ ಕಾರಿದೆ. ಭದ್ರಾವತಿ ಏನು ದೂರನಾ? ಫೋನ್ ಮಾಡಿ, ಈಗಲೇ ಹೋಗಿ ಹೆಣ್ಣು ನೋಡ್ಕೊಂಡು ಬಂದುಬಿಡಾಣ.” ಸುಭದ್ರಮ್ಮ ಫೋನು ಮಾಡಿದರು. ಆಚೆಯಿಂದ ಪರಮೇಶ್ವರಪ್ಪ “ಬನ್ನಿ!” ಎಂದದ್ದು ಸ್ಪೀಕರ್ ಹಾಕದೆಯೇ ಎಲ್ಲರಿಗೂ ಕೇಳಿಸಿತು. “ಒಂದು ವರ್ಷದಿಂದ ಕಾಯ್ತಾ ಇದೀನಿ! ಆ ನಿಮ್ಮ ಟೈಪ್ ಮಾಡೋ ಹುಡುಗನ್ನೂ ಕರ್ಕೊಂಡ್ ಬನ್ನಿ. ಕಂಪ್ಯೂಟರೂ ತನ್ನಿ. ನಾನು ಬರೆಸಿದ್ದು ಏನಾಗಿದೆ ನೋಡ್ಬೇಕು!”

ಹೀಗೆ ಹಾಲಸ್ವಾಮಿ ತಾನು ವರ್ಷದಿಂದ ಪ್ರೀತಿಸುತ್ತಿದ್ದ ಹುಡುಗಿಯನ್ನು ಮೊದಲ ಬಾರಿ ಕಣ್ಣಾರೆ ನೋಡಲು, ಅವಳನ್ನು ಮದುವೆಯಾಗಲು ಹೊರಟವನ ಪಕ್ಕದಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಹೊರಟ. ದಾರಿಯಲ್ಲಿ ಕಾರು ನಿಲ್ಲಿಸಿ ಸೇಬು, ಬಾಳೆಹಣ್ಣು, ಒಂದು ಸ್ವೀಟ್ ಬಾಕ್ಸ್ ತೆಗೆದುಕೊಂಡರು. ಅವನ್ನೂ ಅವನ ಮಡಿಲಿಗೇ ಇಟ್ಟರು.

ದಾರಿಯುದ್ದಕ್ಕೂ ಅವನು ಪಾರಾಗುವ ಉಪಾಯ ಹುಡುಕಿದ. ನಿರೀಕ್ಷೆಯ ಸಾಲುಗಳನ್ನು ಅಳಿಸಿಬಿಡೋಣ ಎಂದು ಮುಚ್ಚಳ ತೆಗೆದರೆ ಪಕ್ಕದಲ್ಲಿ ದುಶ್ಯಂತ್ ಬಾಗಿ ನೋಡುತ್ತಿದ್ದ. ಕಾರಿನಿಂದ ಹಾರಿಬಿಡೋಣವೆಂದರೆ ಕಾರು ಓಡುತ್ತಿತ್ತು. ಕಾರು ರೈಲ್ವೆ ಗೇಟಿನಲ್ಲಿ ನಿಂತಾಗ ಹಾರಬಹುದಿತ್ತು, ಆದರೆ ಆಗ ರೈಲು ಬರುತ್ತಿತ್ತು. ಯಾವುದಕ್ಕೂ ಧೈರ್ಯ ಸಾಲದೆ ಅವನು ಹಣ್ಣಿನ ಚೀಲವನ್ನು ಅವುಚಿಕೊಂಡು ಮನೆದೇವರನ್ನು ನೆನೆದ. ದೇವರಾದರೂ ಏನು ಮಾಡಬೇಕು, ಬೇಡುವವನಿಗೆ ಏನು ಬೇಕೆಂದು ಗೊತ್ತಿದ್ದರೆ ತಾನೇ? ಸಂಬಂಧ ಕುದುರದಿರಲಿ ಎಂದು ಒಂದು ಸಲ ಬೇಡಿದ, ಕುದುರಿಬಿಟ್ಟರೆ ಗಡಿಬಿಡಿಯಲ್ಲಿ ತನ್ನ ಕಳ್ಳತನ ಮರೆತುಹೋದೀತು ಎಂದು ಇನ್ನೊಂದು ಸಲ ಬೇಡಿದ.

ಕಾಗದನಗರದ ಕ್ವಾರ್ಟರ್ಸುಗಳ ಸಾಲಿನಲ್ಲಿ ಪರಮೇಶ್ವರಪ್ಪನವರ ಮನೆಯನ್ನು ಹುಡುಕಬೇಕಾಗಲಿಲ್ಲ, ದನಿಯೇ ದಾರಿ ತೋರಿಸಿತು. ಎಡಬಲದ ಮನೆಗಳವರು ಕಾಂಪೌಂಡಿನ ಮೇಲೆ ಮೊಣಕೈಯಿಟ್ಟು ನೋಡುತ್ತಿದ್ದರು. ಎದುರುಮನೆಯ ತಮಿಳು ಮುದುಕಿ, “ಮಾಪಿಳ್ಳೈ ಯಾರು, ಮದುವೆ ಗಂಡು? ಲ್ಯಾಪ್‌ಟಾಪ್ ಇಟ್ಕೊಂಡಿರೋರಾ?” ಎಂದು ಕೇಳಿದಳು. “ಅಲ್ಲಮ್ಮ, ಅವನು ಆಪರೇಟರು” ಎಂದರು ಸುಭದ್ರಮ್ಮ.

ಉಪ್ಪಿಟ್ಟು, ಕೇಸರಿಬಾತು ಬಂತು. ಹಾಲಸ್ವಾಮಿಗೆ ಒಂದು ತುತ್ತೂ ಇಳಿಯಲಿಲ್ಲ. ತಟ್ಟೆ ಕೆಳಗಿಡುವ ಮೊದಲೇ ಪರಮೇಶ್ವರಪ್ಪ ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ಇಡಿಸಿ, ಕುರ್ಚಿ ಎಳೆದುಕೊಂಡು ಕೂತರು. ಮುಚ್ಚಳ ತೆಗೆದರೆ ಟಿ ಕೋಣೆಯೇ ಎದುರಿಗೆ. ಪರಮೇಶ್ವರಪ್ಪನವರ ತುಟಿ ಅಲುಗುತ್ತ ಅಲುಗುತ್ತ ಕಣ್ಣು ಸಾಲಿನಿಂದ ಸಾಲಿಗೆ ಕೆಳಗಿಳಿಯಿತು. ಕಂಪ್ಯೂಟರ್ ಗೊತ್ತಿದ್ದರೆ ಸಾಕು ಎಂಬಲ್ಲಿ ಹುಬ್ಬು ಮೇಲೇರಿತು. ಸಾಧು ಸ್ವಭಾವದ ಹತ್ತಿರ ಮೀಸೆ ನಡುಗಿತು. ಕೂದಲ ಸಾಲಿಗೆ ಬಂದಾಗ ಅವರು ಎದ್ದು ನಿಂತರು.

“ಇದು ನಾನು ಬರೆಸಿದ್ದಲ್ಲ!”

ಕಾಂಪೌಂಡಿನ ಮೇಲಿದ್ದ ಮೊಣಕೈಗಳು 'ಟಕ್' ಎಂದು ಇಳಿದವು. ಸುಭದ್ರಮ್ಮ ಹಾಲಸ್ವಾಮಿಯ ಕಡೆ ತಿರುಗಿದರು. ಮೂರ್ತಪ್ಪ ತಿರುಗಿದರು. ದುಶ್ಯಂತ್ ಕೂಡ ತಿರುಗಿದ.

“ನಾನು ಆರಡಿ ಅಂತ ಬರೆಸಿದ್ದೆ! ಇಂಜಿನಿಯರ್ ಅಂತ ಬರೆಸಿದ್ದೆ! ಯಾವನಯ್ಯ ಇದನ್ನ ಬರೆದೋನು?”

ಹಾಲಸ್ವಾಮಿ ಎದ್ದ. ತಪ್ಪೊಪ್ಪಿಕೊಳ್ಳಲೋ, ಓಡಲೋ ಅವನಿಗೇ ಗೊತ್ತಿರಲಿಲ್ಲ.

“ನಾನೇ ಅಪ್ಪ,” ಎಂದಿತು ಒಂದು ದನಿ.

ಅಪ್ಪನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ತನುಜಾ ಕಾಫಿ ತಟ್ಟೆ ಹಿಡಿದು ಪರದೆಯನ್ನೇ ನೋಡುತ್ತ ನಿಂತಿದ್ದಳು. ಫೋಟೊದಲ್ಲಿದ್ದ ಹಾಗೆಯೇ ಪ್ರಶ್ನೆ ಕೇಳುವ ಕಣ್ಣು. “ನಾನೇ ಕೇಂದ್ರಕ್ಕೆ ಫೋನ್ ಮಾಡಿ ಬದಲಾಯಿಸಿ ಅಂದಿದ್ದೆ. ಆರಡಿ ಗಂಡು ತಗೊಂಡು ಏನ್ ಮಾಡ್ಲಿ, ಅಟ್ಟದ ಮೇಲಿನ ಡಬ್ಬ ತೆಗೆಸ್ಲಾ?”

ಪರಮೇಶ್ವರಪ್ಪ ಕೂತರು. ಸುಭದ್ರಮ್ಮನವರ ಮುಖ ಸಡಿಲವಾಯಿತು. ಹಾಲಸ್ವಾಮಿ ಮಾತ್ರ ನಿಂತೇ ಇದ್ದ. ಅವಳು ಫೋನು ಮಾಡಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಮಾಡದೆ ಮಾಡಿದೆ ಎಂದಳೆಂದರೆ? ಆ ಸಾಲುಗಳನ್ನು ನೋಡಿದಳು, ತನ್ನನ್ನೂ ನೋಡಿದಳು, ಅರ್ಥ ಮಾಡಿಕೊಂಡಳು, ಕಾಪಾಡಿದಳು. ಅವನ ಎದೆಯಲ್ಲಿ ಆಸೆ ಎಂಬುದು ತಲೆಯೆತ್ತಿತು. ಹೆದರಿಕೆಯಾದರೆ ಅವನಿಗೆ ರೂಢಿಯಿತ್ತು, ಆಸೆ ಹೊಸದು. ಅದರಿಂದ ಅವನಿಗೆ ಇನ್ನೂ ಹೆಚ್ಚು ಭಯವಾಯಿತು.

“ಹುಡುಗ ಹುಡುಗಿ ಎರಡು ಮಾತಾಡ್ಲಿ,” ಎಂದರು ಮೂರ್ತಪ್ಪ. ತನುಜಾ, ದುಶ್ಯಂತ್ ಇಬ್ಬರೂ ಹಿತ್ತಲಿಗೆ ಹೋದರು. ಹಾಲಸ್ವಾಮಿ ನಿಂತಲ್ಲೇ ಸತ್ತು ಸತ್ತು ಹುಟ್ಟಿದ. ವಾಪಸು ಬಂದಾಗ ಬೆಳಗಿನಿಂದ ಒಂದು ಸಲವೂ ನಗದಿದ್ದ ದುಶ್ಯಂತ್ ಕಿವಿಯಿಂದ ಕಿವಿಗೆ ನಗುತ್ತಿದ್ದ. ಮುಗಿಯಿತು ಎಂದುಕೊಂಡ ಹಾಲಸ್ವಾಮಿ.

“ಏನಪ್ಪ?” ಎಂದು ಮೂರ್ತಪ್ಪ ಕೇಳಿದರು.

“ಮನೆಗೆ ಹೋಗಿ ತಿಳಿಸ್ತೀವಿ ಅಂತ ಹೇಳಿ ಅಪ್ಪಾಜಿ,” ಎಂದ ದುಶ್ಯಂತ್.

ಪರಮೇಶ್ವರಪ್ಪನವರಿಗೆ ಉತ್ಸಾಹ ಇಳಿಯಿತು. “ಆಯ್ತು. ಅಲ್ಲೀವರೆಗೂ ಬೇರೆ ಗಂಡುಗಳನ್ನಾದ್ರೂ ತೋರಿಸಯ್ಯ ನೋಡಾಣ,” ಎಂದು ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದರು. ಹಾಲಸ್ವಾಮಿ ಡಿ ಒತ್ತಿದ. ಬರಲಿಲ್ಲ. ಕೀಬೋರ್ಡು ಯಾವ ಭಾಷೆಯಲ್ಲಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

“ಕೊಡಿ ಇಲ್ಲಿ, ನಾನು ಸರಿ ಮಾಡ್ತೀನಿ,” ಎಂದು ತನುಜಾ ಅದನ್ನು ಊಟದ ಮೇಜಿಗೆ ಎತ್ತಿಕೊಂಡು ಹೋದಳು. “ಪಾಸ್‌ವರ್ಡ್ ಹೇಳೋಕೆ ನೀವೂ ಬನ್ನಿ.”

ಹಾಲಸ್ವಾಮಿ ಹೋದ. ತನುಜಾ ಕಪ್ಪು ಪರದೆಯೊಂದನ್ನು ತೆರೆದು ಚಕಚಕನೆ ಟೈಪಿಸುತ್ತ, ತಲೆಯೆತ್ತದೆ, ತಗ್ಗಿದ ದನಿಯಲ್ಲಿ ಹೇಳಿದಳು.

“ಅಕ್ಷರದ ಮೇಲೆ ಕಟ್ಟಿದಾರೆ, ಅದೇ ತೊಂದರೆ. ಭಾಷೆ ಬದಲಾದ್ರೆ ಅಕ್ಷರ ಬದಲಾಗುತ್ತೆ. ಗುಂಡಿ ಇರೋ ಜಾಗ ಬದಲಾಗಲ್ಲ ಅಲ್ವಾ? ಪ್ರತಿ ಗುಂಡಿಗೂ ಒಂದು ಸಂಖ್ಯೆ ಇದೆ. ಅದರ ಮೇಲೆ ಕಟ್ತೀನಿ. ಇನ್ಮೇಲೆ ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಿ ಇದ್ರೂ ಮುಚ್ಚು ಅಂದ್ರೆ ಮುಚ್ಚುತ್ತೆ.” ಟೈಪಿಸುತ್ತಲೇ ಕೇಳಿದಳು. “ಕನ್ನಡಕ ಇದ್ದರೂ ಅ, ಆಮೇಲೆ?”

“ಅಡ್ಡಿಯಿಲ್ಲ, ಮೇಡಂ.”

“ಹೊಸದಾ?”

“ಈ ವಾರ ಬಂತು.”

“ಟಿ ಕೋಣೆ ಕಥೆ ದುಶ್ಯಂತ್ ಹೇಳಿದ್ರು. ನನ್ನನ್ನ ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದು ನೀವೇ ಅಲ್ವಾ?”

ಸುಳ್ಳು ಹೇಳುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ತಲೆಯಾಡಿಸಿದ.

“ತಪ್ಪು ಮಾಡಿದೀರಿ. ನನ್ನ ಕೇಳದೆ ನನ್ನ ಬಾಗಿಲು ಹಾಕಿದೀರಿ. ಅಪ್ಪನಿಗೆ ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು ಮೇಡಂ. ಇನ್ನು ಮೇಲೆ ಮಾಡಲ್ಲ.”

“ಮಾಡಬೇಕು,” ಎಂದಳು ತನುಜಾ. “ಮೊದಲು ಪ್ರತಿ ಭಾನುವಾರ ಒಬ್ಬ ಗಂಡು. ಸೀರೆ ಉಡು, ಕಾಫಿ ತಾ, ನಗು. ನಿಮ್ಮ ಕೇಂದ್ರದಲ್ಲಿ ಹೆಸರು ಬರೆಸಿದ ಮೇಲೆ ಒಬ್ಬನೂ ಬರಲಿಲ್ಲ. ನೆಮ್ಮದಿಯಾಗಿ ಕೂತು ಓದಿ ಪಿಎಚ್‌ಡಿಗೆ ಸೀಟು ತಗೊಂಡೆ. ಗಂಡುಗಳು ಬರದೆ ಇರ್ಲಿ ಅಂತ ದೇವರಿಗೆ ಹರಕೆ ಹೊತ್ತಿದ್ದೆ. ಆ ದೇವರು ಗೋಪಾಳದಲ್ಲಿ ಆಪರೇಟರ್ ಆಗಿದಾನೆ ಅಂತ ಗೊತ್ತಿರಲಿಲ್ಲ.”

ಹಾಲಸ್ವಾಮಿಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕಾಗಿ ದುಶ್ಯಂತನ ಕಡೆ ನೋಡಿದ. “ಮತ್ತೆ ಇವರು… ದುಶ್ಯಂತ್…”

“ಅವರಿಗೆ ಅವರ ಬ್ಯಾಂಕಲ್ಲೇ ಒಬ್ಬಳು ಇದಾಳೆ. ಅವರಪ್ಪನ ಹತ್ರ ಹೇಳೋಕೆ ಅವರಿಗೆ ಟೈಮ್ ಬೇಕು. ಅದಕ್ಕೇ ಬೇಡ ಅನ್ನಬೇಡಿ, ತಿಳಿಸ್ತೀವಿ ಅಂತಾನೇ ಇರಿ ಅಂದೆ. ಒಂದು ಸಂಬಂಧ ಮಾತಲ್ಲಿರುವಾಗ ಇನ್ನೊಬ್ಬರಿಗೆ ಹೆಣ್ಣು ತೋರಿಸಬಾರದು ಅಂತ ಸುಭದ್ರಮ್ಮನೋರದ್ದೇ ನಿಯಮ ಇದೆಯಂತಲ್ಲ.”

ಹೌದು, ಇತ್ತು. ಆ ನಿಯಮವನ್ನು ಗೋಡೆಗೆ ಅಂಟಿಸಿದವನು ಹಾಲಸ್ವಾಮಿಯೇ. ನಮ್ಮ ಕಡೆ ‘ಮನೆಗೆ ಹೋಗಿ ತಿಳಿಸ್ತೀವಿ’ ಎಂದವರು ತಿಳಿಸಿದ್ದು ಯಾರೂ ಕೇಳಿಲ್ಲ. ಆ ಮಾತಿನ ಮೇಲೆ ಒಂದು ಹೆಣ್ಣು ವರ್ಷಗಟ್ಟಲೆ ಸುಖವಾಗಿರಬಹುದು.

ಹಾಲಸ್ವಾಮಿ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿದ. ಒಟ್ಟು ಮಾಡಿದರೂ ಒಂದು ವಾಕ್ಯಕ್ಕೆ ಸಾಲುವಷ್ಟೇ ಇತ್ತು. “ಮೇಡಂ, ಆ ನಿರೀಕ್ಷೆ… ಅದನ್ನ ಹಾಗೇ ಬಿಡಲಾ?”

ತನುಜಾ ಮೊದಲ ಬಾರಿ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೆ ಕೋಪವಿರಲಿಲ್ಲ, ಸ್ವಲ್ಪ ಕನಿಕರವಿತ್ತು. “ಬಿಡಿ. ಯಾರಿಗೂ ಕಾಣಬಾರದು ಅಷ್ಟೆ. ಯಾರಿಗೂ ಅಂದ್ರೆ ಯಾರಿಗೂ.” ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗಿಟ್ಟಳು.

ವಾಪಸು ಬರುವಾಗ ಕಾರಿನಲ್ಲಿ ಹಾಲಸ್ವಾಮಿಗೆ ಜೀವ ಬಂದ ಹಾಗಿತ್ತು. ಕೆಲಸ ಉಳಿಯಿತು, ಮಾನ ಉಳಿಯಿತು. ಟಿ ಕೋಣೆಯನ್ನು ಸುಭದ್ರಮ್ಮನವರೇ “ಮಾತು ಮುಗಿಯೋವರೆಗೂ ಆ ಹುಡುಗಿ ಅಲ್ಲೇ ಇರಲಿ, ಯಾರಿಗೂ ತೋರಿಸಬೇಡ” ಎಂದು ಅಪ್ಪಣೆ ಮಾಡಿ ಅಧಿಕೃತಗೊಳಿಸಿದ್ದರು. ತನುಜಾ ತನಗೆ ಸಿಗುವುದಿಲ್ಲ, ಅದು ಅವನಿಗೆ ಅರ್ಥವಾಗಿತ್ತು. ಆದರೆ ಬೇರೆಯವರಿಗೂ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಬಂದು ಒಂದು ಸಲ ನೋಡುವುದನ್ನು ಯಾರು ತಪ್ಪಿಸುತ್ತಾರೆ? ಇನ್ನು ಕೀಲಿ ಕೈಕೊಡುವ ಭಯವೂ ಇಲ್ಲ. ಬಡವನಿಗೆ ಅಷ್ಟು ಸಾಕು ಎಂದುಕೊಂಡ.

ಸಂಜೆ ಕೇಂದ್ರಕ್ಕೆ ಬಂದಾಗ ವಜೀರಾ ಒಬ್ಬಳೇ ಇದ್ದಳು. ಅವಳು ಬೆಳಗಿನಿಂದ ಸಂಬಂಧವೊಂದರ ಸಲುವಾಗಿ ಊರೆಲ್ಲ ಸುತ್ತಿ ಆಗತಾನೇ ಬಂದಿದ್ದಳು. ಹಾಲಸ್ವಾಮಿ ಲ್ಯಾಪ್‌ಟಾಪ್ ತೆರೆದು ಕೂತ. ಕನ್ನಡಕ್ಕೆ ಹಾಕಿ ಎ ಒತ್ತಿದ, ಮುಖಪುಟ ಬಂತು. ಉರ್ದುವಿಗೆ ಹಾಕಿ ಎಸ್ ಒತ್ತಿದ. ಹೆಣ್ಣುಗಳ ಸಾಲು ಬಂತು. ಡಿ ಒತ್ತಿದ, ಗಂಡುಗಳು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ನಯವಾಗಿ ಬಂದರು.

ವಜೀರಾ ಉರ್ದುವಿನಲ್ಲಿ ಟೈಪು ಮಾಡುತ್ತಲೇ ಕೋಣೆ ಬದಲಿಸಿ ನೋಡಿ ಚಪ್ಪಾಳೆ ತಟ್ಟಿದಳು. “ಯಾ ಅಲ್ಲಾ! ಎಷ್ಟು ದಿನದಿಂದ ನಮ್ಮ ರಿಜ್ವಾನ್‌ಗೆ ಹೇಳ್ತಾ ಇದ್ದೆ, ಆಗಲಿಲ್ಲ ಅವನ ಕೈಲಿ. ಯಾರು ಮಾಡಿಕೊಟ್ರು ಅಣ್ಣ?”

“ಭದ್ರಾವತಿ ಹುಡುಗಿ,” ಎಂದ ಹಾಲಸ್ವಾಮಿ ಹೆಮ್ಮೆಯಿಂದ. ವಜೀರಾ ನೀರು ಕುಡಿಯಲು ಆಚೆ ಹೋದಳು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ವಿಂಡೋಸ್ ಕೀ ಹಿಡಿದು ಟಿ ಒತ್ತಿದ.

ಏನೂ ಆಗಲಿಲ್ಲ.

ಇಂಗ್ಲಿಷಿಗೆ ಹಾಕಿ ಒತ್ತಿದ. ಕನ್ನಡಕ್ಕೆ ಹಾಕಿ ಒತ್ತಿದ. ಉರ್ದುವಿಗೆ ಹಾಕಿ ಒತ್ತಿದ. ಮೂರು ಭಾಷೆಯಲ್ಲೂ ಮುಖಪುಟ ಗುಡ್ಡದ ಹಾಗೆ ಕೂತಿತ್ತು. ಮುಚ್ಚುವ ಕೀಲಿಯನ್ನು ತನುಜಾ ಮೂರಕ್ಕೂ ಕಟ್ಟಿದ್ದಳು, ಟಿ ಕೋಣೆಯನ್ನು ತೆರೆಯುವ ಕೀಲಿಯನ್ನು ಮೂರರಿಂದಲೂ ಬಿಚ್ಚಿದ್ದಳು. ರಿಜ್ವಾನನನ್ನು ಕರೆಸಿ ಕಟ್ಟಿಸಬಹುದಿತ್ತು. ಆದರೆ ಏತಕ್ಕೆ ಎಂದು ಅವನು ಕೇಳಿದರೆ? ಕಟ್ಟಿಸಿದ್ದು ಅವಳಿಗೆ ಗೊತ್ತಾಗಿ ಅಪ್ಪನಿಗೆ ಹೇಳಿದರೆ? ಹಾಲಸ್ವಾಮಿಯ ಬೆರಳು ಮಾತ್ರ ಟಿಯ ಮೇಲೆಯೇ ಇತ್ತು.

ವಜೀರಾ ಲೋಟ ಹಿಡಿದು ವಾಪಸು ಬಂದಳು. “ಇಷ್ಟು ಹುಷಾರಿ ಹುಡುಗಿ ಹೇಗಿದಾಳೆ ಅಣ್ಣ? ಒಂದ್ಸಲ ಫೋಟೊ ತೋರಿಸಿ, ನೋಡ್ತೀನಿ.”

“ನನಗೂ ಕಾಣ್ತಾ ಇಲ್ಲ ವಜೀರಾ,” ಎಂದ ಹಾಲಸ್ವಾಮಿ.